ಕಡಲಿಗೆ ಪಹಣಿ ಇಲ್ಲ

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೋಗುವ ಬಸ್ಸು ತ್ರಾಸಿ ದಾಟಿ ಮರವಂತೆಗೆ ಬಂತೆಂದರೆ, ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಪರವೂರಿನವರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಫೋಟೋದಲ್ಲಿ ನೀರು ಬರುತ್ತದೆ, ಆಕಾಶ ಬರುತ್ತದೆ, ತೆಂಗಿನ ಮರವೂ ಬರುತ್ತದೆ. ಅಲ್ಲಿ ಬದುಕುವ ಜನ ಮಾತ್ರ ಚೌಕಟ್ಟಿನ ಹೊರಗೇ ಉಳಿಯುತ್ತಾರೆ. ಇವತ್ತಿನ ಮಾತು ಆ ಜನರ ಬಗ್ಗೆ. ಆದರೆ ಅದಕ್ಕೆ ಮುಂಚೆ ಸ್ವಲ್ಪ ದೂರ ಹೋಗಿ ಬರೋಣ.

ಫಿಲಿಪ್ಪೀನ್ಸಿನ ಸುಲು ದ್ವೀಪಗಳಿಂದ ಮಲೇಷ್ಯಾದ ಸಬಾ, ಇಂಡೋನೇಷ್ಯಾದ ಸುಲಾವೆಸಿವರೆಗಿನ ಕಡಲಿನಲ್ಲಿ ಬಜಾವ್ ಎಂಬ ಜನ ಇದ್ದಾರೆ. ಇವರಲ್ಲಿ ಕೆಲವರು ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ದೋಣಿಯಲ್ಲೇ. ಲೆಪಾ ಎಂಬ ಅವರ ದೋಣಿಗೆ ಚಪ್ಪರ ಉಂಟು, ಒಲೆ ಉಂಟು; ಸಂಸಾರವೆಲ್ಲ ಅದರೊಳಗೆ. ನೆಲ ಬೇಕಾಗುತ್ತಿದ್ದದ್ದು ಕುಡಿಯುವ ನೀರಿಗೆ, ಸೌದೆಗೆ, ಸತ್ತವರನ್ನು ಹೂಳುವುದಕ್ಕೆ. 1521ರಲ್ಲಿ ಮಜೆಲನ್ನನ ಹಡಗುಗಳ ಜೊತೆ ಹೋಗಿದ್ದ ಪಿಗಾಫೆಟ್ಟಾ, ದೋಣಿಗಳನ್ನೇ ಮನೆ ಮಾಡಿಕೊಂಡವರನ್ನು ಆ ಕಡೆ ಕಂಡದ್ದನ್ನು ಬರೆದಿಟ್ಟಿದ್ದಾನೆ. ಚೀನಾದ ಅಡುಗೆಮನೆಗೆ ಬೇಕಾದ ಕಡಲಸೌತೆಯನ್ನು ಹವಳದ ದಿಬ್ಬಗಳಿಂದ ಹೆಕ್ಕಿ ತಂದು ಕೊಡುತ್ತಿದ್ದವರಲ್ಲಿ ಇವರೂ ಸೇರಿದ್ದರು. ಮರದ ಕನ್ನಡಕ ಹಾಕಿಕೊಂಡು, ಒಂದೇ ಉಸಿರಿನಲ್ಲಿ ಎಪ್ಪತ್ತು ಮೀಟರ್ ಆಳದವರೆಗೂ ಇಳಿಯಬಲ್ಲರು ಎನ್ನುತ್ತಾರೆ. 2018ರಲ್ಲಿ ವಿಜ್ಞಾನಿಗಳು ಇವರನ್ನು ಪರೀಕ್ಷಿಸಿದಾಗ, ಪಕ್ಕದ ಊರಿನ ನೆಲವಾಸಿಗಳಿಗಿಂತ ಇವರ ಗುಲ್ಮ ಸುಮಾರು ಅರ್ಧದಷ್ಟು ದೊಡ್ಡದಾಗಿರುವುದು ಕಂಡುಬಂತು. ಮುಳುಗದೆ ದಡದಲ್ಲೇ ಇರುವ ಬಜಾವರಲ್ಲೂ ಅದು ದೊಡ್ಡದೇ. ಎಂದರೆ ಅಭ್ಯಾಸದಿಂದ ಬಂದದ್ದಲ್ಲ, ತಲೆತಲಾಂತರದಿಂದ ಮೈಯಲ್ಲೇ ಇಳಿದು ಬಂದದ್ದು.

ಮೊಬೈಲಿನಲ್ಲಿ ಇವರ ವಿಡಿಯೋ ನೋಡಿ ಬೆರಗಾದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಬೆರಗಿಗಿಂತ ಹೆಚ್ಚು ಕಾಡಿದ್ದು ಒಂದು ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಕಡಲನ್ನೇ ನಂಬಿದ ಜನ ಕಡಿಮೆಯೇನಿಲ್ಲ. ಮೊಗವೀರರು, ಖಾರ್ವಿಗಳು, ನಾಖುದಾ ಮುಸಲ್ಮಾನರು, ಕ್ರೈಸ್ತ ಮೀನುಗಾರರು ಎಲ್ಲ ಇದ್ದಾರೆ. ಇವರಲ್ಲಿ ಯಾರೂ ಯಾಕೆ ದೋಣಿಯಲ್ಲೇ ಒಲೆ ಹೂಡಲಿಲ್ಲ?

ಉತ್ತರ ಆಷಾಢದ ಕಡಲಿನಲ್ಲಿದೆ. ಬಜಾವರದ್ದು ಭೂಮಧ್ಯರೇಖೆಯ ಹತ್ತಿರದ, ಹವಳದ ದಿಬ್ಬಗಳು ಕಾಪಿಟ್ಟ ಶಾಂತವಾದ ನೀರು. ನಮ್ಮದು ಹಾಗಲ್ಲ. ಜೂನ್ ಬಂತೆಂದರೆ ಪಡು ಗಾಳಿ ತಡೆಯಿಲ್ಲದೆ ಅರಬ್ಬಿ ಸಮುದ್ರವನ್ನು ದಡಕ್ಕೆ ತಂದು ಅಪ್ಪಳಿಸುತ್ತದೆ. "ಕಡ್ಲಿಗೆ ಹೋಪುಕಾತಿಲ್ಲ ಮಾರಾಯ್ರೆ" ಎಂಬ ಮಾತು ಗಂಗೊಳ್ಳಿಯಿಂದ ಶಿರೂರಿನವರೆಗೆ ಮನೆಮನೆಯಲ್ಲೂ ಕೇಳುತ್ತದೆ. ವರ್ಷದಲ್ಲಿ ಎರಡು ತಿಂಗಳು ಕಡಲೇ ಬಾಗಿಲು ಹಾಕಿಕೊಳ್ಳುವ ಊರಿನಲ್ಲಿ ದೋಣಿಯನ್ನು ಮನೆ ಮಾಡಿಕೊಳ್ಳುವ ಹುಚ್ಚು ಯಾರಿಗೂ ಬರಲಿಲ್ಲ. ಮನೆ ದಂಡೆಯ ಮೇಲೇ ಆಯಿತು. ದಿಬ್ಬದ ಮರಳಿನಲ್ಲಿ, ತೆಂಗಿನ ಬುಡದಲ್ಲಿ, ಹೊಳೆಬಾಯಿಯ ಕೇರಿಯಲ್ಲಿ.

ಹೊಳೆಬಾಯಿ ಎಂದೆ. ಕುಂದಾಪುರದ ಭೂಪಟ ನೋಡಿದವರಿಗೆ ಗೊತ್ತು, ಇಲ್ಲಿ ನೆಲಕ್ಕಿಂತ ನೀರೇ ಹೆಚ್ಚೇನೋ ಅನ್ನಿಸುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕಾ ಈ ಐದೂ ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲಿಗೆ ಬೀಳುತ್ತವೆ. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕಣ್ಣೆದುರಿಗೇ ಕಾಣುತ್ತದೆ. ದೋಣಿಯಲ್ಲಿ ಕೆಲವೇ ನಿಮಿಷದ ದಾರಿ. ರಸ್ತೆ ಹಿಡಿದರೆ ತ್ರಾಸಿ ಸುತ್ತಿ ಹದಿನೈದು ಕಿಲೋಮೀಟರಿಗೂ ಹೆಚ್ಚು. ಸೇತುವೆ ಬೇಕೆಂಬ ಕೂಗು ಹಳೆಯದು. ಹೊಳೆಯ ನಡುವೆ ಕುದ್ರು ಎಂಬ ನಡುಗಡ್ಡೆಗಳಿವೆ. ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ನಿಮಗೆಲ್ಲ ಗೊತ್ತು. ಸೇತುವೆಗಳು ಬರುವ ಮೊದಲು ಕುದ್ರುವಿನವರ ದಿಬ್ಬಣವೂ ದೋಣಿಯಲ್ಲೇ, ಹೆರಿಗೆಯ ಹೆಂಗಸೂ ದೋಣಿಯಲ್ಲೇ. ಇಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟಮಟ್ಟದ ನೀರಿಗಿಳಿದು ಕಾಲಿನಿಂದಲೇ ತಡವಿ ಚಿಪ್ಪು ಹೆಕ್ಕುತ್ತಾರೆ. ಮಾಂಸ ಸಾರಿಗೆ, ಚಿಪ್ಪು ಸುಣ್ಣದ ಗೂಡಿಗೆ. ಬಜಾವರ ಹತ್ತಿರದ ನೆಂಟರನ್ನು ಹುಡುಕುವುದಾದರೆ ಕಡಲಿಗಿಂತ ಈ ಕುದ್ರುಗಳಲ್ಲೇ ಹುಡುಕಬೇಕು.

ಕಡಲಿಗೆ ಹೋಗುವವರಿಗೆ ಹೊಳೆ ಅಂಗಳ, ಅಳಿವೆಯೇ ಹೊಸ್ತಿಲು. ಅದನ್ನು ದಾಟುವುದನ್ನು ಹತ್ತಿರದಿಂದ ನೋಡಬೇಕು. ಹೊಳೆ ತಂದ ಮರಳು, ಕಡಲು ತಳ್ಳಿದ ಮರಳು ಎರಡೂ ಬಾಯಲ್ಲಿ ಕೂತು ದಿಬ್ಬವಾಗುತ್ತದೆ. ಆ ದಿಬ್ಬ ಹೋದ ವರ್ಷ ಇದ್ದಲ್ಲಿ ಈ ವರ್ಷ ಇರುವುದಿಲ್ಲ. ದಿಬ್ಬದ ಮೇಲೆ ಆಳ ಕಡಿಮೆ, ಅಲ್ಲಿಗೆ ಬಂದ ತೆರೆ ಎದ್ದು ಮುರಿಯುತ್ತದೆ. ದೋಣಿ ನಡೆಸುವ ತಾಂಡೇಲ ಒಳಗಿನ ನೀರಿನಲ್ಲಿ ಇಂಜಿನನ್ನು ತಗ್ಗಿಸಿ, ಮೂತಿಯನ್ನು ಪಡುವಣಕ್ಕೆ ಹಿಡಿದು ಸುಮ್ಮನೆ ನಿಲ್ಲುತ್ತಾನೆ. ನೋಡುವವರಿಗೆ ಹೆದರಿದಂತೆ ಕಾಣುತ್ತದೆ. ಅವನು ತೆರೆಗಳನ್ನು ಲೆಕ್ಕ ಹಾಕುತ್ತಿರುತ್ತಾನೆ. ದೊಡ್ಡ ತೆರೆಗಳು ಒಂಟಿಯಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ; ಗುಂಪು ಹೋದ ಮೇಲೆ ಕೊಂಚ ಹೊತ್ತು ಕಡಲು ಉಸಿರು ಬಿಡುತ್ತದೆ. ಆ ಸಂದಿನಲ್ಲಿ ಇಂಜಿನ್ ಪೂರ್ತಿ ಎತ್ತಿ ಒಂದೇ ಏಟಿಗೆ ದಾಟಬೇಕು. ಅರ್ಧದಲ್ಲಿ ಮನಸ್ಸು ಬದಲಾಯಿಸಿ ತಿರುಗಿಸಿದರೆ ಅಡ್ಡ ಬಿದ್ದಂತೆಯೇ.

ವಾಪಸು ಬರುವುದು ಇನ್ನೂ ಕಷ್ಟ. ಹೋಗುವಾಗ ತೆರೆ ಎದುರಿಗಿರುತ್ತದೆ, ಕಾಣುತ್ತದೆ. ಬರುವಾಗ ಬೆನ್ನಿಗಿರುತ್ತದೆ. ಮೀನು ತುಂಬಿ ಭಾರವಾದ ದೋಣಿಯ ಹಿಂಭಾಗವನ್ನು ಅದು ಎತ್ತಿತೆಂದರೆ ಚುಕ್ಕಾಣಿ ನೀರು ಬಿಡುತ್ತದೆ, ದೋಣಿ ತಾನಾಗಿ ಅಡ್ಡ ತಿರುಗುತ್ತದೆ, ಮುಂದಿನ ತೆರೆ ಮಗುಚಿ ಹಾಕುತ್ತದೆ. ದಡದಲ್ಲಿ ನಿಂತ ಮನೆಯವರ ಕಣ್ಣೆದುರಿಗೇ ಜೀವ ಹೋದ ಉದಾಹರಣೆಗಳು ಈ ಕರಾವಳಿಯ ಯಾವ ಊರಿನಲ್ಲಿ ಇಲ್ಲ? ಅಳಿವೆಯ ಎರಡೂ ಬದಿಗೆ, ಕೋಡಿಯಲ್ಲೂ ಗಂಗೊಳ್ಳಿಯಲ್ಲೂ, ಈಗ ಕಲ್ಲಿನ ತಡೆಗೋಡೆ ಬಂದಿದೆ. ಆದರೂ ಹೂಳು ತೆಗೆಯಿರಿ ಎಂಬ ಮನವಿ ಪ್ರತಿ ವರ್ಷ ಹೊರಡುತ್ತದೆ.

ಇನ್ನು ಇತಿಹಾಸ. ಮೀನುಗಾರರ ಇತಿಹಾಸ ಬರೆಯಲು ಕೂತವರಿಗೆ ಮೊದಲು ಎದುರಾಗುವ ತೊಂದರೆ ಎಂದರೆ, ಶಾಸನಗಳು ಮಾತಾಡುವುದು ಗದ್ದೆಯ ಬಗ್ಗೆ, ದೇವಸ್ಥಾನದ ಅಕ್ಕಿಯ ಬಗ್ಗೆ, ಸೆಟ್ಟಿಕಾರರ ಸುಂಕದ ಬಗ್ಗೆ. ಬಲೆ ಎಳೆದವನ ಹೆಸರನ್ನು ಕಲ್ಲಿನಲ್ಲಿ ಯಾರು ಕೆತ್ತಿಸುತ್ತಾರೆ? ಹಾಗಾಗಿ ಇವರನ್ನು ಬೇರೆಯವರ ಬರಹದ ಅಂಚಿನಲ್ಲಿ ಹುಡುಕಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತಾ ಈ ದಾರಿಯಾಗಿ ಹೋದ. ಬಸ್ರೂರನ್ನು ಅವನು ತೆಂಗು ತುಂಬಿದ, ದೊಡ್ಡ ಹಿನ್ನೀರಿನ ಸಣ್ಣ ಊರು ಎಂದು ಕಂಡ. ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಬಾರ್ಕೂರಿನ ಬಗ್ಗೆ ಅವನು ಹೇಳುವುದು ಇನ್ನೂ ಸ್ವಾರಸ್ಯದ ಸಂಗತಿ. ಅಲ್ಲಿಯ ಅರಸನ ಬಳಿ ಸುಮಾರು ಮೂವತ್ತು ಯುದ್ಧದ ಹಡಗುಗಳಿದ್ದವಂತೆ. ಅವುಗಳ ನಾಯಕ ಲೂಲಾ ಎಂಬ ಮುಸಲ್ಮಾನ. ಹಾದುಹೋಗುವ ಹಡಗು ಬಂದರಿನಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಲೇಬೇಕು, ಕೊಡದಿದ್ದರೆ ಅಟ್ಟಿಸಿಕೊಂಡು ಹೋಗಿ ಹಿಡಿದು ತರುತ್ತಿದ್ದರು. ಬತೂತಾನಿಗೆ ಆ ಲೂಲಾ ಹಿಡಿಸಲಿಲ್ಲ, ಕಡಲುಗಳ್ಳ ಎಂದೇ ಬೈದಿದ್ದಾನೆ.

ಇದನ್ನು ಓದಿದಾಗ ನನಗೆ ನೆನಪಾಗುವುದು ಬೊಬ್ಬರ್ಯ. ಮೊಗವೀರರ ಊರುಗಳಲ್ಲಿ ಕಡಲ ಕಡೆಗೆ ಮುಖ ಮಾಡಿ ಕೂತ ದೈವ. ಬೊಬ್ಬರ್ಯನ ಕಥೆ ಊರಿಗೊಂದು ತರ ಇದ್ದರೂ ತಿರುಳು ಒಂದೇ: ಮುಸಲ್ಮಾನ ವರ್ತಕ ತಂದೆ, ಈ ನಾಡಿನ ತಾಯಿ, ಕಡಲ ಕಾಳಗದಲ್ಲಿ ಸಾವು, ಆಮೇಲೆ ದೈವವಾಗಿ ಊರಿನ ಕಾವಲು. ಲೂಲಾನೇ ಬೊಬ್ಬರ್ಯ ಎಂದು ನಾನು ಹೇಳುತ್ತಿಲ್ಲ. ಅಂಥ ಜೋಡಣೆಗಳನ್ನು ಮಾಡಿಯೇ ನಮ್ಮ ಸ್ಥಳಪುರಾಣಗಳು ಕೆಟ್ಟಿವೆ. ಆದರೆ ಹಿಂದೂ ಅರಸನ ಹಡಗುಪಡೆಗೆ ಮುಸಲ್ಮಾನ ನಾಯಕ ಇರುವುದು ಸಹಜವಾಗಿದ್ದ ಕಡಲಿನಲ್ಲಿ, ಮುಸಲ್ಮಾನನ ಮಗ ಮೀನುಗಾರರ ದೈವವಾಗುವುದೂ ಸಹಜವೇ. ಗಂಗೊಳ್ಳಿಯಲ್ಲೂ ಶಿರೂರಿನಲ್ಲೂ ಇವತ್ತಿಗೂ ನಾಖುದಾ ಮನೆತನಗಳಿವೆ. ಹಡಗು ನಡೆಸಿದವರ ಪೀಳಿಗೆ. ಇವರ ಹಾಯಿಯ ಮಂಜಿಗಳು, ಮಚ್ವೆಗಳು ಹಂಚು ತುಂಬಿಕೊಂಡು ಮುಂಬಯಿಯ ಕಡೆಗೆ ಹೋಗಿ ಬರುತ್ತಿದ್ದದ್ದನ್ನು ನೆನಪಿಸಿಕೊಳ್ಳುವ ಮುದುಕರು ಈಗಲೂ ಸಿಗುತ್ತಾರೆ.

ಬಸ್ರೂರಿನ ಅಕ್ಕಿ ಹೊರ್ಮುಜ್‌ವರೆಗೆ ಹೋಗುತ್ತಿತ್ತು. ಅದರ ಮೇಲೆ ಕಣ್ಣಿಟ್ಟು ಪೋರ್ಚುಗೀಸರು 1569ರಲ್ಲಿ ಅಲ್ಲಿಯ ಕೋಟೆ ಹಿಡಿದರು. 1665ರ ಫೆಬ್ರವರಿಯಲ್ಲಿ ಶಿವಾಜಿ ಕಡಲ ಮಾರ್ಗದಲ್ಲಿ ಬಂದು ಬಸ್ರೂರನ್ನು ದೋಚಿ, ಹಿಂದಿರುಗುವಾಗ ಗೋಕರ್ಣದಲ್ಲಿ ಮಿಂದು ಹೋದ. ಈ ಗದ್ದಲದಲ್ಲಿ ದೋಣಿ ಹೊಡೆದವರು ಯಾರು, ಅಳಿವೆಯ ದಾರಿ ತೋರಿಸಿದವರು ಯಾರು ಎಂದು ಚರಿತ್ರೆಕಾರರು ಕೇಳಿಲ್ಲ. ಗೊತ್ತಿಲ್ಲದ ಅಳಿವೆಯೊಳಗೆ ಹೊರಗಿನ ಹಡಗು ತಾನಾಗಿ ಬರಲಾರದು. ಯಾರೋ ಸ್ಥಳೀಯ ತಾಂಡೇಲ ಚುಕ್ಕಾಣಿಯ ಪಕ್ಕ ನಿಂತಿದ್ದಿರಲೇಬೇಕು. ಇಷ್ಟವಿದ್ದು ನಿಂತನೋ, ಕತ್ತಿಗೆ ಹೆದರಿ ನಿಂತನೋ.

ಬರಹದಲ್ಲಿ ಸಿಗದ ಈ ಜನರನ್ನು ಅವರ ಕೇರಿಗಳಲ್ಲೇ ನೋಡಬೇಕು. ಖಾರ್ವಿಗಳು ಮನೆಯಲ್ಲಿ ಕೊಂಕಣಿ ಆಡುವವರು. ಗೋವೆಯ ಕಡೆಯಿಂದ ಬಂದವರೆಂದು ಅವರಲ್ಲೇ ಮಾತಿದೆ. ಕುಂದಾಪುರದ ಖಾರ್ವಿಕೇರಿಯ ಮಹಾಕಾಳಿ ಅವರ ದೇವಿ. ಹೋಳಿಯ ದಿನಗಳಲ್ಲಿ ಕೇರಿಯಲ್ಲಿ ಗುಮಟೆಯ ಸದ್ದು ಎದ್ದಿತೆಂದರೆ ಬಲೆ ಒಣಗುತ್ತಿರುತ್ತದೆ, ಕೆಲಸಕ್ಕೆ ಕರೆದರೆ ಯಾರೂ ಬರುವುದಿಲ್ಲ. ಮೊಗವೀರರು ಬ್ರಹ್ಮಾವರದಿಂದ ಆಚೆಗೆ ತೆಂಕು ದಿಕ್ಕಿನಲ್ಲಿ ತುಳು, ಈಚೆಗೆ ಕುಂದಗನ್ನಡ ಆಡುತ್ತಾರೆ. ಬಾರ್ಕೂರಿನ ಬೆಣ್ಣೆಕುದ್ರುವಿನ ಕುಲಮಹಾಸ್ತ್ರೀ ಅಮ್ಮ ಅವರ ಕುಲದೇವತೆ. ಬಗ್ವಾಡಿಯ ಮಹಿಷಾಸುರಮರ್ದಿನಿಗೂ ಈ ಸೀಮೆಯ ಮೊಗವೀರರು ನಡೆದುಕೊಳ್ಳುತ್ತಾರೆ. ಊರಿನ ಗುರಿಕಾರನ ಮಾತಿಗೆ ಒಂದು ಕಾಲದಲ್ಲಿ ನ್ಯಾಯಾಲಯದಷ್ಟೇ ತೂಕವಿತ್ತು. ಮುಂಬಯಿಗೆ ಹೋದವರು 1902ರಷ್ಟು ಹಿಂದೆಯೇ ಅಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದ್ದರು. ಮೊಗವೀರರಲ್ಲಿ ನಡೆದುಬಂದದ್ದು ಅಳಿಯಸಂತಾನ. ಗಂಡಸು ಕಡಲಿನಿಂದ ಮರಳದೆ ಹೋದರೂ ಮನೆ ಉಳಿಯಲಿ ಎಂದು ಆಸ್ತಿ ಹೆಣ್ಣಿನ ಕಡೆ ಇಟ್ಟರು ಎಂಬ ವಿವರಣೆ ಕೇಳಲು ಚೆನ್ನಾಗಿದೆ. ಕಡಲಿಗೆ ಕಾಲಿಡದ ಬಂಟರಲ್ಲೂ ಇದೇ ಕಟ್ಟು ಇದ್ದದ್ದರಿಂದ ನಾನು ಅದನ್ನು ಪೂರ್ತಿ ನಂಬಲಾರೆ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಡಲಿಗೆ ಪಹಣಿ ಇಲ್ಲ, ಸರ್ವೆ ನಂಬರಿಲ್ಲ, ಬೇಲಿ ಹಾಕುವ ಹಾಗಿಲ್ಲ. ಇಂಥ ಕಡೆ ಬದುಕುವವರ ಆಸ್ತಿ ಯಾವುದು? ನನ್ನ ಪ್ರಕಾರ ಅವರು ಮೀನು ಹಂಚಿಕೊಳ್ಳುವ ಕ್ರಮವೇ ಅವರ ಆಸ್ತಿ. ಆ ಕ್ರಮ ಬದಲಾದಾಗಲೆಲ್ಲ ಈ ಜನ ಬದಲಾಗಿದ್ದಾರೆ. ಅದನ್ನು ತಿಳಿಯಲು ರಂಪಣಿ ಎಂಬ, ದಡಕ್ಕೆ ಎಳೆಯುವ ದೊಡ್ಡ ಬಲೆಯನ್ನು ತಿಳಿಯಬೇಕು.

ಮಳೆಗಾಲ ಮುಗಿದು ಕಡಲು ಇಳಿದ ಮೇಲೆ ರಂಪಣಿಯ ಹಂಗಾಮು. ನೂಲು ಹುಣ್ಣಿಮೆಗೆ ಕಡಲಿಗೆ ಹಾಲೆರೆದು ಕಾಯಿ ಬಿಟ್ಟು ಪೂಜೆ ಮಾಡಿ ಆಗಿರುತ್ತದೆ. ಬಂಗುಡೆ, ಬೈಗೆ, ಎಂದರೆ ತುಳುವರ ಬೂತಾಯಿ, ಹಿಂಡು ಹಿಂಡಾಗಿ ದಡದ ಹತ್ತಿರ ಬರುವ ಕಾಲ. ಕಣ್ಣು ಪಳಗಿದವನೊಬ್ಬ ಬೆಳಗ್ಗೆಯೇ ನೀರು ನೋಡುತ್ತ ನಿಲ್ಲುತ್ತಾನೆ. ನೀರಿನ ಬಣ್ಣ ಒಂದು ಕಡೆ ಕಪ್ಪೇರಿದೆಯೇ, ಗಾಳಿಯಿಲ್ಲದೆ ನೀರು ನಡುಗುತ್ತಿದೆಯೇ, ಹಕ್ಕಿಗಳು ಎಲ್ಲಿ ಎರಗುತ್ತಿವೆ. ಅವನು ಕೈ ಬೀಸಿದನೆಂದರೆ ಊರಿಗೆ ಊರೇ ದಂಡೆಗೆ ಓಡುತ್ತದೆ.

ಬಲೆಯ ಉದ್ದ ಒಂದು ಕಿಲೋಮೀಟರ್ ಮೀರುವುದೂ ಉಂಟು. ಒಂದು ತುದಿಯ ಹಗ್ಗವನ್ನು ದಡದಲ್ಲಿ ಹಿಡಿದು, ಹಲಗೆಗಳನ್ನು ತೆಂಗಿನ ನಾರಿನಲ್ಲಿ ಹೊಲಿದ ದೊಡ್ಡ ದೋಣಿ ಬಲೆಯನ್ನು ಬಿಡುತ್ತ ಕಡಲಿಗೆ ಹೋಗಿ, ಮೀನಿನ ಹಿಂಡನ್ನು ಬಳಸಿ, ಅರ್ಧಚಂದ್ರದಂತೆ ಸುತ್ತಿ ದಡದ ಇನ್ನೊಂದು ಕಡೆಗೆ ಬರುತ್ತದೆ. ಆಮೇಲೆ ಎಳೆತ. ಎರಡು ತುದಿಗೂ ನಲವತ್ತು ಐವತ್ತು ಜನ. ಕಾಲಿನ ಹಿಮ್ಮಡಿ ಮರಳಿನಲ್ಲಿ ಹೂಳುವ ಹಾಗೆ ಒರಗಿ, ಐಲೇಸಾ ಎಂಬ ಕೂಗಿಗೆ ಒಟ್ಟಿಗೆ ಹಿಂದೆ ಸರಿಯಬೇಕು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಎಳೆದರೆ ಬಲೆಯ ಹೊಟ್ಟೆ ಓರೆಯಾಗಿ ಮೀನು ಜಾರುತ್ತದೆ. ಕೆಳಗಿನ ಅಂಚು ನೆಲ ಬಿಟ್ಟು ಎದ್ದರೂ ಅಷ್ಟೇ. ಅದಕ್ಕಾಗಿ ಕೆಲವರು ಎದೆಮಟ್ಟದ ನೀರಿನಲ್ಲಿ ಇಳಿದು ಕಾಲಿನಿಂದ ಅಂಚನ್ನು ಒತ್ತಿಕೊಂಡೇ ಬರುತ್ತಾರೆ. ಗಂಟೆಗಟ್ಟಲೆ ಈ ಕೆಲಸ. ಮೀನು ವಿಪರೀತ ಬಿದ್ದರೆ ಬಲೆಯನ್ನು ದಡಕ್ಕೆ ಎಳೆಯದೆ ನೀರಿನಲ್ಲೇ ಕಟ್ಟಿ ನಿಲ್ಲಿಸಿ, ಜೀವಂತ ಮೀನನ್ನು ಬೇಕಾದ ಹಾಗೆ ಮೊಗೆದು ತೆಗೆಯುತ್ತಿದ್ದರು. ಐಸ್ ಇಲ್ಲದ ಕಾಲದಲ್ಲಿ ಕಡಲೇ ಅವರ ಉಗ್ರಾಣ.

ಹಂಚಿಕೆ ಹೇಗೆ? ಅಷ್ಟು ದೊಡ್ಡ ಬಲೆ ಒಬ್ಬನದಾಗಿರುತ್ತಿರಲಿಲ್ಲ. ಮನೆಗಿಷ್ಟು ತುಂಡು ಎಂದು ನೂಲು ತಂದು ಹೆಣೆದು ಜೋಡಿಸಿದ್ದು. ಬಲೆಗೆ ಪಾಲು, ದೋಣಿಗೆ ಪಾಲು, ಎಳೆದ ಮೈಗೆ ಪಾಲು, ದೇವರಿಗೆ ಪಾಲು. ಹಗ್ಗಕ್ಕೆ ಕೈ ಹಾಕಿದ ಹುಡುಗನಿಗೂ ದಾರಿಹೋಕನಿಗೂ ಒಂದು ಬೊಗಸೆ ಮೀನು. ಮಳೆ, ಕಾಯಿಲೆ, ಸಾವು ಏನೇ ಬಂದರೂ ಮನೆಯ ಬಲೆ ತುಂಡು ಇರುವವರೆಗೆ ಆ ಮನೆಗೆ ಮೀನು ಬರುತ್ತಿತ್ತು. ಇದು ಸ್ವರ್ಗವಾಗಿತ್ತು ಎಂದು ಭಾವಿಸಬೇಡಿ. ಮುಂಗಡ ಕೊಟ್ಟ ಒಣಮೀನು ಸಾಹುಕಾರ ಹೇಳಿದ್ದೇ ದರ. ದಂಡೆಯ ಯಾವ ಭಾಗ ಯಾವ ಊರಿನ ರಂಪಣಿಯದು ಎಂದು ತಲೆ ಒಡೆದುಕೊಂಡದ್ದೂ ಉಂಟು. ಮೀನು ಬಾರದ ವರ್ಷ ಇಡೀ ಊರು ಒಟ್ಟಿಗೆ ಉಪವಾಸ. ಆದರೆ ಉಪವಾಸದಲ್ಲೂ ಒಟ್ಟಿಗೆ ಎನ್ನುವುದು ಇತ್ತಲ್ಲ.

ಅದು ಮುರಿದದ್ದು 1970ರ ದಶಕದ ನಡುವಿನಲ್ಲಿ, ಪರ್ಸೀನ್ ಬೋಟುಗಳು ಬಂದಾಗ. ಟ್ರಾಲ್ ಬೋಟುಗಳು ಅದಕ್ಕೂ ಮೊದಲೇ ಬಂದಿದ್ದವು, ಅವು ಹೆಚ್ಚಾಗಿ ಸೀಗಡಿಯ ಬೆನ್ನು ಹತ್ತಿದ್ದವು. ಪರ್ಸೀನ್ ಕೈ ಹಾಕಿದ್ದು ನೇರವಾಗಿ ರಂಪಣಿಯ ಮೀನಿಗೆ. ಬಂಗುಡೆಯ ಹಿಂಡು ದಡಕ್ಕೆ ಬರುವ ಮೊದಲೇ ಹೊರಗಡಲಿನಲ್ಲಿ ಸುತ್ತುಹಾಕಿ, ಬಲೆಯ ಅಡಿಯ ಬಳೆಗಳೊಳಗೆ ಓಡುವ ಹಗ್ಗ ಎಳೆದು, ಸಂಚಿಯ ಬಾಯಿ ಬಿಗಿದ ಹಾಗೆ ಮುಚ್ಚಿಬಿಡುವುದು. ದಂಡೆಯಲ್ಲಿ ಕೈ ಬೀಸಲು ನಿಂತವನಿಗೆ ನೋಡಲು ಏನೂ ಉಳಿಯಲಿಲ್ಲ. ಜಗಳ, ಮೆರವಣಿಗೆ, ದೂರು ಎಲ್ಲ ಆಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಬಲೆಯ ತುಂಡಿಟ್ಟುಕೊಂಡಿದ್ದ ಪಾಲುದಾರರ ಮಕ್ಕಳು ಬೋಟಿಗೆ ಕಲಾಸಿಗಳಾಗಿ ಹೋದರು. ಕೈರಂಪಣಿ ಎಂಬ ಸಣ್ಣ ರೂಪ ಈಗಲೂ ಅಲ್ಲಲ್ಲಿ ಉಳಿದಿದೆ. ಪ್ರವಾಸಿಗರು ಅದನ್ನೂ ಫೋಟೋ ತೆಗೆಯುತ್ತಾರೆ.

ಕಾನೂನು ಆಮೇಲೆ ಬಂತು. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದ್ದು. ಈಗ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಹತ್ತು ಅಶ್ವಶಕ್ತಿಯವರೆಗಿನ ಇಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಅವಕಾಶ. ಕೇಳಲು ಇದು ಬಡವರಿಗೆ ಕೊಟ್ಟ ಮೀಸಲಾತಿ. ಆದರೆ ಯೋಚಿಸಿ ನೋಡಿ, ಕಡಲು ಅತ್ಯಂತ ಕೆಟ್ಟದಾಗಿರುವ ಎರಡು ತಿಂಗಳನ್ನೇ ಅತ್ಯಂತ ಸಣ್ಣ ದೋಣಿಗೆ ಬಿಟ್ಟುಕೊಟ್ಟಿದ್ದೇವೆ. ಉಪ್ಪುಂದ, ಕೊಡೇರಿ, ಮರವಂತೆ, ಗಂಗೊಳ್ಳಿಯ ನಾಡದೋಣಿಯವರು ಮಳೆಯ ನಡುವೆ ಒಂದು ಬಿಡುವು ಸಿಕ್ಕರೆ ಸಾಕು, ಹೊರಡುತ್ತಾರೆ. ಕರ್ಕಾಟಕ ಅಮಾವಾಸ್ಯೆಗೆ ಮರವಂತೆಯ ಮಹಾರಾಜಸ್ವಾಮಿ ವರಾಹ ದೇವಸ್ಥಾನದಲ್ಲಿ ಜಾತ್ರೆ. ಕಡಲಿನಲ್ಲಿ ಮಿಂದು, ಸೌಪರ್ಣಿಕೆಯಲ್ಲಿ ಮಿಂದು ದೇವರಿಗೆ ಕೈಮುಗಿಯುವವರಲ್ಲಿ ಈ ನಾಡದೋಣಿಯವರು ತುಂಬ. ಹತ್ತಾರು ಮಂದಿ ಸೇರಿ ಬಲೆ, ಇಂಜಿನ್, ದೋಣಿ ಮಾಡಿಕೊಂಡು ಬಂದದ್ದನ್ನು ಹಂಚಿಕೊಳ್ಳುವ ಪದ್ಧತಿ ಇವರಲ್ಲಿ ಇನ್ನೂ ಇದೆ. ರಂಪಣಿಯ ಪಾಲು ಬೇರೆ ವೇಷ ಹಾಕಿಕೊಂಡು ಇಲ್ಲಿ ಬದುಕಿದೆ ಎಂದು ನನಗನ್ನಿಸುತ್ತದೆ.

ಆಳಸಮುದ್ರದ ಬೋಟಿನ ಲೆಕ್ಕ ಬೇರೆಯೇ. ಎಂಟು ಹತ್ತು ದಿನಕ್ಕೆ ಬೇಕಾದ ಡೀಸೆಲ್, ಐಸ್, ರೇಷನ್ ತುಂಬಿಕೊಂಡು ಹೊರಡುತ್ತದೆ. ಸಾಲದ ಕಂತು ಮಾತ್ರ ದಡದಲ್ಲೇ ಕೂತು ಕಾಯುತ್ತಿರುತ್ತದೆ. ಬೋಟಿನಲ್ಲಿ ಈಗ ಒಡಿಶಾದ, ಜಾರ್ಖಂಡದ, ಆಂಧ್ರದ ಹುಡುಗರು. ಕುಂದಾಪುರದವನು ಮಲ್ಪೆಯ ಬೋಟಿನಲ್ಲಿ, ಭಟ್ಕಳದವನು ಗೋವೆಯ ಬೋಟಿನಲ್ಲಿ. ಮೀನು ಕಡಿಮೆಯಾದ ಹಾಗೆ ಉಪಾಯ ಹೆಚ್ಚಾಯಿತು: ರಾತ್ರಿ ಪ್ರಖರ ದೀಪ ಉರಿಸಿ ಮೀನನ್ನು ಮೇಲಕ್ಕೆ ಕರೆದು ಮೊಗೆಯುವುದು. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಎಲ್‌ಇಡಿ ದೀಪದ ಮೀನುಗಾರಿಕೆಯನ್ನು ನಿಷೇಧಿಸಿತು. ಆದರೂ ಲೈಟ್ ಫಿಶಿಂಗ್ ಜಗಳ ಪತ್ರಿಕೆಯಲ್ಲಿ ನಿಂತಿಲ್ಲ. ಬಜಾವರ ಕಡಲಿನಲ್ಲೂ ಹೀಗೇ. ಈಟಿ ಹಿಡಿದು ಮುಳುಗುತ್ತಿದ್ದವರ ಕೈಗೆ ವ್ಯಾಪಾರದ ಒತ್ತಡ ಸಿಡಿಮದ್ದು ಕೊಟ್ಟಿತು, ಸಯನೈಡ್ ಕೊಟ್ಟಿತು. ಹವಳ ಸತ್ತ ಮೇಲೆ ಮೀನೂ ಹೋಯಿತು, ತಪ್ಪು ಮಾತ್ರ ಮುಳುಗಿದವನ ತಲೆಗೆ ಬಂತು.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಏಳು ಜನರೊಂದಿಗೆ ಕಾಣೆಯಾದದ್ದು ನಿಮಗೆ ನೆನಪಿರಬಹುದು. ಜನವರಿಯಲ್ಲಿ ಕರಾವಳಿಯ ಸಾವಿರಾರು ಮೀನುಗಾರರು ಬೋಟು ಕಟ್ಟಿ ಹೆದ್ದಾರಿಗೆ ಬಂದು ಕೂತರು. ಮೇ ತಿಂಗಳಲ್ಲಿ ಮಾಲ್ವಣದ ಆಚೆ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು. ಅಷ್ಟು ತಿಂಗಳು ಆ ಮನೆಯವರು ಕಾದದ್ದು ಯಾವ ಸರಕಾರಿ ಲೆಕ್ಕದಲ್ಲೂ ಬರುವುದಿಲ್ಲ. ಶವ ಸಿಗದೆ ಮರಣಪತ್ರ ಸಿಗುವುದೂ ಕಷ್ಟ, ಅದಿಲ್ಲದೆ ಪರಿಹಾರವೂ ಕಷ್ಟ.

ಕಾಗದದ ಮಾತು ಬಂದದ್ದರಿಂದ ಇನ್ನೊಂದು. ಸಬಾದಲ್ಲಿ ಎಷ್ಟೋ ಬಜಾವರಿಗೆ ಯಾವ ದೇಶದ ಪೌರತ್ವವೂ ಇಲ್ಲ. ಅಲೆಯುವವರ ಹುಟ್ಟನ್ನು ಯಾವ ಕಚೇರಿ ಬರೆದುಕೊಳ್ಳುತ್ತದೆ? 2024ರ ಜೂನಿನಲ್ಲಿ ಸೆಂಪೊರ್ನಾದ ಕಡಲ ಉದ್ಯಾನದೊಳಗಿನ ಅವರ ಗುಡಿಸಲುಗಳನ್ನು ಅಧಿಕಾರಿಗಳು ಕಿತ್ತು ಹಾಕಿದರು. ನಮ್ಮವರಿಗೆ ವೋಟರ್ ಕಾರ್ಡ್ ಇದೆ, ರೇಷನ್ ಕಾರ್ಡ್ ಇದೆ. ಆ ಅದೃಷ್ಟ ಸಣ್ಣದಲ್ಲ. ಆದರೆ ಮನೆ ಇರುವ ಜಾಗಕ್ಕೆ ಹಕ್ಕುಪತ್ರ ಕೇಳಿ ನೋಡಿ. ದಂಡೆಯ ಪರಂಬೋಕಿನಲ್ಲಿ ತಲೆಮಾರುಗಳಿಂದ ಇದ್ದವರಿಗೆ 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮವೂ ಅಡ್ಡ. ಒಂದು ಕಡೆ ಕೊರೆತ ಮನೆಯ ಅಂಗಳ ತಿನ್ನುತ್ತದೆ, ಇನ್ನೊಂದು ಕಡೆ ರೆಸಾರ್ಟಿನವರು ಬೆಲೆ ಕೇಳುತ್ತಾರೆ. ಕಾರಂತರ 'ಮರಳಿ ಮಣ್ಣಿಗೆ'ಯ ಐತಾಳರ ಮನೆ ಇದ್ದದ್ದೂ ಕೋಡಿಯ ಇಂಥದೇ ಮರಳಿನ ಪಟ್ಟಿಯಲ್ಲಿ. ಅವರಿಗೆ ಮರಳಲು ಮಣ್ಣಾದರೂ ಇತ್ತು.

ಕೊನೆಗೆ ಹೆಂಗಸರ ಮಾತು. ಪಾಲಿನ ಕಥೆ ಹೇಳುವಾಗ ನಾವೆಲ್ಲ ಹಗ್ಗ ಎಳೆದವರನ್ನೇ ಎಣಿಸುತ್ತೇವೆ. ಆದರೆ ರಂಪಣಿಯ ಕಾಲದಲ್ಲಿ ಮನೆಗೆ ಬಂದ ಪಾಲು ಹೆಂಗಸಿನ ಬುಟ್ಟಿಗೆ ಬೀಳುತ್ತಿತ್ತು. ಅವಳು ಅದಕ್ಕೆ ಉಪ್ಪು ಹಾಕುತ್ತಿದ್ದಳು, ಒಣಗಿಸುತ್ತಿದ್ದಳು, ತಲೆಯ ಮೇಲೆ ಹೊತ್ತು ಗದ್ದೆ ದಾಟಿ ಅಕ್ಕಿಗೆ ಬದಲಾಯಿಸಿ ತರುತ್ತಿದ್ದಳು. ಬಂಡವಾಳ ಎಂದು ಅವಳು ಹಾಕಬೇಕಾದದ್ದು ತನ್ನ ಕಾಲು. ಈಗ ಗಂಗೊಳ್ಳಿ ಬಂದರಿನಲ್ಲಿ ಬೋಟು ಬಂದು ನಿಂತರೆ ಮೀನು ರಾಶಿಯಾಗಿ ಹರಾಜಿಗೆ ಬೀಳುತ್ತದೆ. ಕೂಗುವವನ ಸುತ್ತ ಕೇರಳದ ಲಾರಿಯವರು, ಐಸ್ ಪ್ಲಾಂಟಿನವರು, ಮೀನೆಣ್ಣೆ ಮತ್ತು ಮೀನು ಹುಡಿಯ ಕಾರ್ಖಾನೆಗಳ ಏಜೆಂಟರು. ಬೈಗೆಯನ್ನು ಹುಡಿ ಮಾಡಿ ಸೀಗಡಿ ಕೆರೆಗೆ ಮೇವು ಹಾಕುವ ಕಾರ್ಖಾನೆಗೆ ಮೀನು ತಾಜಾ ಇರಬೇಕೆಂದಿಲ್ಲ, ಸಣ್ಣದಿದ್ದರೂ ಆಗುತ್ತದೆ, ಟನ್ನುಗಟ್ಟಲೆ ಬೇಕು. ಅವರ ನಡುವೆ ಎರಡು ಬುಟ್ಟಿ ಹಿಡಿದು ನಿಂತ ಹೆಂಗಸಿಗೆ ಸೊಸೈಟಿಯ ಸಾಲ ಇದೆ, ಸಂಜೆಯೊಳಗೆ ಮಾರಿ ಮುಗಿಸಬೇಕಾದ ಅವಸರ ಇದೆ. "ಎಂತಾ ಮೀನಿತ್ತ್?" ಎಂದು ನೀವು ಕುಂದಾಪುರದ ಮಾರ್ಕೆಟ್ಟಿನಲ್ಲಿ ಕೇಳಿ, ಅವಳು ಹೇಳಿದ ದರಕ್ಕೆ ಹುಬ್ಬೇರಿಸಿ ಚೌಕಾಸಿಗಿಳಿಯುತ್ತೀರಲ್ಲ, ಆ ದರವನ್ನು ಬೆಳಿಗ್ಗೆಯೇ ಹರಾಜಿನಲ್ಲಿ ಕಾರ್ಖಾನೆಯ ಏಜೆಂಟ್ ನಿಗದಿ ಮಾಡಿ ಹೋಗಿರುತ್ತಾನೆ.